ಚಿಕ್ಕ, ಹಗುರ, ಅಗ್ಗದ ಲ್ಯಾಪ್‌ಟಾಪ್: ಕೊಡಗಿನವರು ಈಗ ಕೊಳ್ಳಬೇಕಾ, ಕಾಯಬೇಕಾ?

ಲ್ಯಾಪ್‌ಟಾಪ್ ಬಗ್ಗೆ ಒಂದರ ಹಿಂದೆ ಒಂದು ಮೂರು ಸುದ್ದಿ ಬಂದವು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಇಳಿಯಿತು ಎಂದರು. ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಕಾಲ ಮುಗಿಯಿತು, ಹಳೇ ಲ್ಯಾಪ್‌ಟಾಪ್ ಬದಲಿಸಿ ಎಂದರು. ವರ್ಷ ಮುಗಿಯುವ ಹೊತ್ತಿಗೆ ಮೆಮೊರಿ ಚಿಪ್‌ಗಳಿಗೆ ಬರ ಬಂದಿದೆ, ಬೆಲೆ ಏರುತ್ತದೆ, ಇವತ್ತೇ ಕೊಳ್ಳಿ ಎಂಬ ಮಾತು ಶುರುವಾಯಿತು.

ಮೂರೂ ಸುದ್ದಿ ನಿಜವೇ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಲೆ ಕೆಡುತ್ತದೆ. ತೆರಿಗೆ ಇಳಿದಿದ್ದರೆ ಬೆಲೆ ಏರುವುದು ಹೇಗೆ? ಹಳೇದು ಬದಲಿಸಬೇಕು ಅಂದರೆ ಯಾವುದಕ್ಕೆ ಬದಲಿಸುವುದು? ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಡಿಗ್ರಿ ಓದುವ ಮಗಳಿಗೆ, ತೋಟದ ಲೆಕ್ಕ ಬರೆಯುವ ರೈಟರಿಗೆ, ಹೋಂಸ್ಟೇ ಬುಕಿಂಗ್ ನೋಡುವವರಿಗೆ ಒಂದು ಕೆಜಿ ತೂಕದ, ಜೇಬಿಗೆ ಭಾರವಾಗದ ಲ್ಯಾಪ್‌ಟಾಪ್ ಸಾಕು ಅನ್ನಿಸುತ್ತದೆ. ಅದು ನಿಜವಾಗಿ ಸಾಕಾ ಎಂಬುದು ಅಂಗಡಿಯ ಬೋರ್ಡಿನ ಮೇಲಿರುವ ಬೆಲೆಯಿಂದ ಗೊತ್ತಾಗುವುದಿಲ್ಲ. ಅದು ಎಷ್ಟು ವರ್ಷ ಕೆಲಸ ಮಾಡುತ್ತದೆ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂಬ ಎರಡು ಲೆಕ್ಕ ಸೇರಿದ ಮೇಲೇ ಗೊತ್ತಾಗುವುದು.

ಜಿಎಸ್‌ಟಿ ಇಳಿದದ್ದು ಲ್ಯಾಪ್‌ಟಾಪಿಗೆ ಅಲ್ಲ

ಮೊದಲು ಸುಲಭದ ಗೊಂದಲ ಮುಗಿಸೋಣ. 2025ರ ಸೆಪ್ಟೆಂಬರ್ 22ರಿಂದ ಎಸಿ, ಪಾತ್ರೆ ತೊಳೆಯುವ ಮೆಷಿನ್, ದೊಡ್ಡ ಟಿವಿ ಇವುಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಲ್ಯಾಪ್‌ಟಾಪ್ ಮೊದಲಿಂದಲೂ ಶೇ 18ರಲ್ಲೇ ಇತ್ತು. ಅಲ್ಲೇ ಉಳಿಯಿತು. ₹30,000 ಕೊಟ್ಟು ಲ್ಯಾಪ್‌ಟಾಪ್ ತಂದರೆ ಅದರಲ್ಲಿ ಸುಮಾರು ₹4,576 ತೆರಿಗೆ. ಆವತ್ತೂ ಅಷ್ಟೇ, ಇವತ್ತೂ ಅಷ್ಟೇ.

ವ್ಯಾಪಾರಕ್ಕೆ ಕೊಳ್ಳುವವರು ಈ ತೆರಿಗೆ ವಾಪಸ್ ಪಡೆಯಬಹುದಲ್ವಾ ಎಂದು ಕೇಳುತ್ತಾರೆ. ಹೋಂಸ್ಟೇ ನಡೆಸುವವರಿಗೆ ಇಲ್ಲೊಂದು ಕೊಕ್ಕೆ ಇದೆ. ದಿನಕ್ಕೆ ₹7,500ರವರೆಗಿನ ರೂಮಿನ ಜಿಎಸ್‌ಟಿ ಅದೇ ದಿನದಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಹೊಂದಿಸಿಕೊಳ್ಳುವ ಅವಕಾಶ ಹೋಯಿತು. ಹಾಗಾಗಿ ಜಿಎಸ್‌ಟಿ ನೋಂದಣಿ ಇದ್ದರೂ ಇಂಥ ರೂಮುಗಳನ್ನಷ್ಟೇ ಕೊಡುವ ಹೋಂಸ್ಟೇಗೆ ಲ್ಯಾಪ್‌ಟಾಪಿನ ತೆರಿಗೆ ಪೂರ್ತಿ ಖರ್ಚೇ.

ಮೆಮೊರಿಗೆ ಬರ ಬಂದದ್ದು ಹೇಗೆ

ಲ್ಯಾಪ್‌ಟಾಪಿನೊಳಗೆ ಎರಡು ಬಗೆಯ ಮೆಮೊರಿ ಇರುತ್ತದೆ. ಕೆಲಸ ನಡೆಯುವಾಗ ಬೇಕಾಗುವುದು ರ‍್ಯಾಮ್. ಫೈಲುಗಳು ಉಳಿಯುವ ಜಾಗ ಸ್ಟೋರೇಜ್. ಜಗತ್ತಿನ ರ‍್ಯಾಮ್‌ನ ಬಹುಪಾಲು ಮಾಡುವುದು ಮೂರೇ ಕಂಪನಿಗಳು: ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಹೊಸ ಕಾರ್ಖಾನೆ ಕಟ್ಟಿ ಚಿಪ್ ಹೊರಗೆ ಬರಲು ವರ್ಷಗಳೇ ಬೇಕು. ಆದ್ದರಿಂದ ಬೇಡಿಕೆ ದಿಢೀರನೆ ಏರಿದರೆ ಪೂರೈಕೆ ಕೂಡಲೇ ಏರುವುದಿಲ್ಲ.

ಬೇಡಿಕೆ ಏರಿದ್ದು ಎಐ ಕಡೆಯಿಂದ. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಎಂಬ ವಿಶೇಷ ಮೆಮೊರಿ ಬೇಕು. ಅಷ್ಟೇ ಗಾತ್ರದ ಮಾಮೂಲಿ ರ‍್ಯಾಮ್‌ಗೆ ಬೇಕಾಗುವ, ಚಿಪ್‌ಗಳನ್ನು ಕೆತ್ತುವ ಸಿಲಿಕಾನ್ ಬಿಲ್ಲೆಗೆ ಹೋಲಿಸಿದರೆ ಇದಕ್ಕೆ ಸುಮಾರು ಮೂರು ಪಟ್ಟು ಬೇಕಾಗುತ್ತದೆ. ಲಾಭವೂ ಅದರಲ್ಲೇ ಜಾಸ್ತಿ. ಕಂಪನಿಗಳು ಆ ಕಡೆ ತಿರುಗಿದವು. 2025ರ ಅಕ್ಟೋಬರ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ತಿಂಗಳಿಗೆ 9 ಲಕ್ಷ ಬಿಲ್ಲೆಗಳವರೆಗೆ ಎಂಬ ಗುರಿ ಇತ್ತು. ಡಿಸೆಂಬರ್‌ನಲ್ಲಿ ಮೈಕ್ರಾನ್, ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಮಾರುತ್ತಿದ್ದ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಅಂಗಡಿಯಲ್ಲಿ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ದಾಟಿತು.

ಇದು ಕೊಡಗಿಗೆ ಹೊಸ ಪಾಠವೇನೂ ಅಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಿದ್ದಾಗ ಸಿದ್ದಾಪುರದ ಕಣದಲ್ಲಿದ್ದ ಕಾಫಿ ಚೆರಿಗೆ ರೇಟು ಬಂತಲ್ಲ, ಅದೇ ಲೆಕ್ಕ. ಆಗ ನಾವು ಮಾರುವ ಕಡೆ ಇದ್ದೆವು. ಈಗ ಕೊಳ್ಳುವ ಕಡೆ ಇದ್ದೇವೆ.

ಇದಕ್ಕೆ ರೂಪಾಯಿಯೂ ಸೇರಿತು. 2025ರ ಡಿಸೆಂಬರ್‌ನಲ್ಲಿ ಡಾಲರಿಗೆ 90 ರೂಪಾಯಿ ದಾಟಿತು. ಲ್ಯಾಪ್‌ಟಾಪನ್ನು ಭಾರತದಲ್ಲೇ ಜೋಡಿಸಿದರೂ ಒಳಗಿನ ಚಿಪ್‌ಗಳಿಗೆ ಹಣ ಹೋಗುವುದು ಡಾಲರಿನಲ್ಲಿ. ದೇಶದೊಳಗೆ ತಯಾರಿಕೆ ಹೆಚ್ಚಿಸಲು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ₹17,000 ಕೋಟಿಯ ಪ್ರೋತ್ಸಾಹಧನ ಘೋಷಿಸಿತು. ಅದೇ ಆಗಸ್ಟ್‌ನಲ್ಲಿ ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕು ಎಂದು ಆದೇಶ ಹೊರಡಿಸಿತು. ಗಲಾಟೆಯಾಗಿ ಅದನ್ನು ಮುಂದೂಡಿತು, ಕೊನೆಗೆ ಆನ್‌ಲೈನ್ ಅನುಮತಿಯ ಮಟ್ಟಕ್ಕೆ ಮೆತ್ತಗೆ ಮಾಡಿತು. ಜೋಡಿಸುವ ಕೆಲಸ ಇಲ್ಲಿಗೆ ಬಂದರೆ ಉದ್ಯೋಗ ಬರುತ್ತದೆ, ಸರಿ. ಆದರೆ ರ‍್ಯಾಮ್ ರೇಟು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ತೀರ್ಮಾನವಾಗುವವರೆಗೆ ಈ ಏರಿಕೆಯಿಂದ ಅದು ಕಾಪಾಡುವುದಿಲ್ಲ.

ಅಗ್ಗದ್ದಕ್ಕೇ ಪೆಟ್ಟು ಜಾಸ್ತಿ

ಮೆಮೊರಿ ದುಬಾರಿಯಾದರೆ ಎಲ್ಲ ಲ್ಯಾಪ್‌ಟಾಪೂ ದುಬಾರಿಯಾಗಬೇಕು. ಆದರೆ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ₹1 ಲಕ್ಷದ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಖರ್ಚು ₹3,000 ಏರಿದರೆ ಕಂಪನಿ ಸ್ವಲ್ಪ ನುಂಗಿಕೊಳ್ಳಬಹುದು, ಕೊಳ್ಳುವವರೂ ಅಷ್ಟಾಗಿ ಗಮನಿಸುವುದಿಲ್ಲ. ₹25,000ದ ಲ್ಯಾಪ್‌ಟಾಪಿನಲ್ಲಿ ಅದೇ ₹3,000 ಅಂದರೆ ಶೇ 12. ಅಲ್ಲಿ ಕಂಪನಿಯ ಲಾಭ ಮೊದಲೇ ತೆಳ್ಳಗಿರುತ್ತದೆ, ನುಂಗಿಕೊಳ್ಳಲು ಜಾಗ ಇರುವುದಿಲ್ಲ.

ಹಾಗಾದರೆ ಕಂಪನಿ ಏನು ಮಾಡುತ್ತದೆ? ಒಂದೋ ಬೆಲೆ ಏರಿಸುತ್ತದೆ. ಇಲ್ಲವೇ ಬೆಲೆ ಹಾಗೇ ಇಟ್ಟು ಒಳಗಿನದನ್ನು ಕಡಿಮೆ ಮಾಡುತ್ತದೆ. 8 ಜಿಬಿ ಇದ್ದ ಕಡೆ 4 ಜಿಬಿ ಹಾಕುತ್ತದೆ, 512 ಜಿಬಿ ಇದ್ದ ಕಡೆ 256. ಡಬ್ಬಿಯ ಮೇಲಿನ ಹೆಸರು ಅದೇ, ಬಣ್ಣ ಅದೇ, ಆಫರ್ ಬೋರ್ಡೂ ಅದೇ. ಬೆಲೆ ಏರಿದರೆ ಕಣ್ಣಿಗೆ ಕಾಣುತ್ತದೆ. ರ‍್ಯಾಮ್ ಕಡಿಮೆಯಾದದ್ದು ಮನೆಗೆ ತಂದು ತಿಂಗಳಾದ ಮೇಲೆ ಗೊತ್ತಾಗುತ್ತದೆ. ನನ್ನ ಪ್ರಕಾರ ಈಗಿನ ಸುದ್ದಿಯಲ್ಲಿ ಹೆದರಬೇಕಾದ ಭಾಗ ಇದು. ಬೆಲೆ ಏರಿಕೆಗಿಂತ ಈ ಸದ್ದಿಲ್ಲದ ಇಳಿಕೆಯ ಮೇಲೆ ಕಣ್ಣಿಡಬೇಕು.

ಈ ಆಟ ಒಮ್ಮೆ ಮುಗಿದಿತ್ತು

ಚಿಕ್ಕ, ಅಗ್ಗದ ಲ್ಯಾಪ್‌ಟಾಪ್ ಹೊಸ ಕಲ್ಪನೆಯಲ್ಲ. 2007ರಲ್ಲಿ ಆಸುಸ್ ಕಂಪನಿ 7 ಇಂಚಿನ ಪರದೆ, 4 ಜಿಬಿ ಸ್ಟೋರೇಜ್ ಇರುವ 'ಈ ಪಿಸಿ' (Eee PC) ಎಂಬ ಲ್ಯಾಪ್‌ಟಾಪನ್ನು ತಂದಿತು. ತೂಕ ಒಂದು ಕೆಜಿಗಿಂತ ಕಡಿಮೆ. ಜನ ಮುಗಿಬಿದ್ದರು. ನೆಟ್‌ಬುಕ್ ಎಂಬ ಹೊಸ ಜಾತಿಯೇ ಹುಟ್ಟಿತು. ಆರೇಳು ವರ್ಷದಲ್ಲಿ ಅದು ಮಾರುಕಟ್ಟೆಯಿಂದ ಮಾಯವಾಯಿತು.

ಕಾರಣ ಎರಡು. ಒಂದು, ಕೆಳಗಿನಿಂದ ಫೋನು, ಟ್ಯಾಬ್ಲೆಟ್ ಬಂದು ಅದರ ಕೆಲಸ ಕಸಿದುಕೊಂಡವು. ಇನ್ನೊಂದು, ಅದನ್ನು ಬೇಕೆಂದೇ ಕುಂಠಿತವಾಗಿ ಇಟ್ಟಿದ್ದರು. ನೆಟ್‌ಬುಕ್‌ಗೆ ಅಗ್ಗದ ವಿಂಡೋಸ್ ಲೈಸೆನ್ಸ್ ಬೇಕಾದರೆ ರ‍್ಯಾಮ್ 1 ಜಿಬಿ ಮೀರಬಾರದು ಎಂಬಂಥ ಷರತ್ತು ಇತ್ತು. ಆಮೇಲೆ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ಪರದೆಯ ವಾಲ್‌ಪೇಪರ್ ಬದಲಿಸಲೂ ಆಗುತ್ತಿರಲಿಲ್ಲ! ದುಡ್ಡು ಕೊಟ್ಟು ಕೊಂಡ ಮೆಷಿನ್‌ನಲ್ಲಿ ಒಂದು ಫೋಟೋ ಹಾಕಿಕೊಳ್ಳಲೂ ಬಿಡದಷ್ಟು ಜಿಪುಣತನ. ಈಗಿನ ಚಿಕ್ಕ ಲ್ಯಾಪ್‌ಟಾಪುಗಳ ಪ್ರೊಸೆಸರ್ ಅದಕ್ಕಿಂತ ಎಷ್ಟೋ ಚುರುಕು. ಆದರೆ ಅಗ್ಗದ ಮಾಲಿನ ಮೆಮೊರಿಗೆ ಕತ್ತರಿ ಹಾಕುವ ಚಾಳಿ ಹೋಗಿಲ್ಲ.

4 ಜಿಬಿ, 64 ಜಿಬಿ: ಎಡವುವ ಜಾಗ

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಗ್ಗದ ಲ್ಯಾಪ್‌ಟಾಪ್ ಮಾಡುವವರು ಈ 'ಕನಿಷ್ಠ'ವನ್ನೇ 'ಸಾಕು' ಎಂದು ಮಾರುತ್ತಾರೆ. ಆನ್ ಆಗಲು ಅಷ್ಟು ಸಾಕು, ನಿಜ. ಬ್ರೌಸರಿನಲ್ಲಿ ಏಳೆಂಟು ಟ್ಯಾಬ್ ತೆರೆದು, ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ಇಟ್ಟು, ಆನ್‌ಲೈನ್ ಕ್ಲಾಸಿಗೆ ಸೇರಿದರೆ 4 ಜಿಬಿ ತುಂಬಿಹೋಗುತ್ತದೆ. ಆಗ ಲ್ಯಾಪ್‌ಟಾಪ್ ಸ್ಟೋರೇಜಿನ ಒಂದು ಭಾಗವನ್ನೇ ರ‍್ಯಾಮ್ ತರಹ ಬಳಸಲು ಶುರುಮಾಡುತ್ತದೆ. ಎಸ್‌ಎಸ್‌ಡಿ ಇದ್ದರೆ ಹೇಗೋ ತಡೆದೀತು. ಇಎಂಎಂಸಿ ಇದ್ದರೆ ಮೌಸ್ ಒತ್ತಿ ಕಾಯುತ್ತಾ ಕೂರಬೇಕು.

ಇಎಂಎಂಸಿ ಅಂದರೆ ಅಗ್ಗದ ಫೋನುಗಳಲ್ಲಿ ಬರುವ ಬಗೆಯ ಸ್ಟೋರೇಜ್. ವೇಗ ಕಡಿಮೆ. ಅದಕ್ಕಿಂತ ದೊಡ್ಡ ತೊಂದರೆ, ಅದನ್ನು ಮದರ್‌ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಹಾಳಾದರೆ ಅದೊಂದನ್ನೇ ಬಿಚ್ಚಿ ಬದಲಿಸಲು ಆಗುವುದಿಲ್ಲ, ಬೋರ್ಡನ್ನೇ ಬದಲಿಸಬೇಕು. ಬೋರ್ಡಿನ ಬೆಲೆ ಕೇಳಿದರೆ ಹೊಸದೇ ಕೊಳ್ಳೋಣ ಅನ್ನಿಸುತ್ತದೆ. 64 ಜಿಬಿಯಲ್ಲಿ ವಿಂಡೋಸ್ ತಾನೇ ದೊಡ್ಡ ಪಾಲು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟಿಗೆ ಮತ್ತೂ ಖಾಲಿ ಜಾಗ ಬೇಕು. ಜಾಗ ಇಲ್ಲದಿದ್ದರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಅಪ್‌ಡೇಟ್ ಇಲ್ಲದಿದ್ದರೆ ಸುರಕ್ಷತೆ ಇಲ್ಲ. ಹೀಗೆ ಒಂದು ಕೊರತೆ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ.

ಜಾಹೀರಾತಿನಲ್ಲಿ '64 ಜಿಬಿ + 1 ಟಿಬಿ ಕ್ಲೌಡ್' ಎಂಬ ಸಾಲು ಕಂಡರೆ ಹುಷಾರು. ಕ್ಲೌಡ್ ಜಾಗ ಇಂಟರ್‌ನೆಟ್ ಮೇಲಿನದು. ವಿಂಡೋಸ್ ಅಪ್‌ಡೇಟಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ನೆಟ್‌ವರ್ಕ್ ಹೋದ ದಿನ ನಿಮಗೂ ಬರುವುದಿಲ್ಲ.

ಬೆಲೆಯ ಲೆಕ್ಕ ಹೀಗೆ ನೋಡಿ. ₹18,000ದ ಲ್ಯಾಪ್‌ಟಾಪ್ ಎರಡೇ ವರ್ಷ ಬಂದರೆ ವರ್ಷಕ್ಕೆ ₹9,000. ₹32,000ದ್ದು ಐದು ವರ್ಷ ಬಂದರೆ ವರ್ಷಕ್ಕೆ ₹6,400. ಇದು ಉದಾಹರಣೆಯ ಲೆಕ್ಕವೇ ಇರಬಹುದು, ಆದರೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಗಿಂತ ಕೆಳಗೆ ಇಳಿದು ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವುದು ಯಾವ ಆಫರಿನಲ್ಲೂ ಲಾಭವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೊಸೆಸರ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. 2023ರಲ್ಲಿ ಬಂದ ಇಂಟೆಲ್ ಎನ್100 ನಾಲ್ಕು ಕೋರ್‌ನದು. ವಿದ್ಯುತ್ ಬಳಕೆ 6 ವ್ಯಾಟ್ ಮಟ್ಟದ್ದು. ಓದು, ಬರಹ, ಲೆಕ್ಕ, ವಿಡಿಯೊಗೆ ಸಾಕು. ಎರಡೇ ಕೋರ್ ಇರುವ ಸೆಲೆರಾನ್ ಎನ್4020 2019ರ ಮಾಲು. ಅಂಗಡಿಯಲ್ಲಿ ಇನ್ನೂ ಕಂಡರೆ ಮುಂದೆ ನಡೆಯಿರಿ.

ವಿಂಡೋಸ್ 10 ಮುಗಿದರೆ ಹಳೇ ಲ್ಯಾಪ್‌ಟಾಪ್ ಎಸೆಯಬೇಕಾ

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಿಂತದ್ದು ಅಪ್‌ಡೇಟ್, ಲ್ಯಾಪ್‌ಟಾಪ್ ಅಲ್ಲ. ಮನೆಬಳಕೆಯವರಿಗೆ ಸುರಕ್ಷತಾ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಮಾಡಿತು. ಸೆಟ್ಟಿಂಗ್ಸ್‌ ಬ್ಯಾಕಪ್ ಆನ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಸೇರಿಕೊಂಡರೆ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಂದರೆ 'ಹಳೇದು ಸತ್ತೇಹೋಯಿತು' ಎಂದು ಹೆದರಿ ಸಿಕ್ಕಿದ್ದನ್ನು ತರುವ ಅಗತ್ಯ ಯಾರಿಗೂ ಇರಲಿಲ್ಲ.

ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಹಾಕಿಕೊಳ್ಳುವುದೂ ಒಂದು ದಾರಿ. ಬ್ರೌಸರ್, ಕನ್ನಡ ಟೈಪಿಂಗ್, ಲಿಬ್ರೆಆಫೀಸ್ ಇಷ್ಟಕ್ಕೆ ಅದು ಚೆನ್ನಾಗಿ ನಡೆಯುತ್ತದೆ. ಹಾಕಿಕೊಡುವ ಹುಡುಗ ಪಕ್ಕದ ಮನೆಯಲ್ಲಿದ್ದರೆ ಹೊಸದರ ಮಾತೇ ಬೇಡ.

ಕ್ರೋಮ್‌ಬುಕ್, ಆಂಡ್ರಾಯ್ಡ್ ಲ್ಯಾಪ್‌ಟಾಪ್

ಕಡಿಮೆ ಮೆಮೊರಿಯಲ್ಲೂ ಓಡುವಂತೆ ಮಾಡಿದ ಲ್ಯಾಪ್‌ಟಾಪುಗಳೂ ಇವೆ. 2023ರ ಜುಲೈನಲ್ಲಿ ರಿಲಯನ್ಸ್ ತಂದ ಜಿಯೋಬುಕ್ 11.6 ಇಂಚಿನದು. ತೂಕ 990 ಗ್ರಾಂ, 4ಜಿ ಸಂಪರ್ಕದ ಸೌಲಭ್ಯ, ಆಗಿನ ಬೆಲೆ ₹16,499. ಅದು ವಿಂಡೋಸ್ ಅಲ್ಲ, ಆಂಡ್ರಾಯ್ಡ್ ಮೇಲೆ ಕಟ್ಟಿದ್ದು. ಕ್ರೋಮ್‌ಬುಕ್‌ಗಳದ್ದು ಗೂಗಲ್‌ನ ಕ್ರೋಮ್ಒಎಸ್. ಕೆಲಸವೆಲ್ಲ ಬ್ರೌಸರಿನಲ್ಲೇ ನಡೆಯುವವರಿಗೆ ಇವು ಅದೇ ಬೆಲೆಯ ವಿಂಡೋಸ್ ಲ್ಯಾಪ್‌ಟಾಪಿಗಿಂತ ಎಷ್ಟೋ ಹಗುರವಾಗಿ ಓಡುತ್ತವೆ. ವೈರಸ್ ಕಾಟವೂ ಕಡಿಮೆ.

ಆದರೆ ಕೊಡಗಿನ ಎರಡು ಮುಖ್ಯ ಕೆಲಸಕ್ಕೆ ಇವು ಬರುವುದಿಲ್ಲ. ಒಂದು, ಟ್ಯಾಲಿ. ತೋಟದ ಆಫೀಸು, ಅಂಗಡಿ, ಲೆಕ್ಕಪರಿಶೋಧಕರು ಎಲ್ಲರೂ ನಂಬಿರುವ ಟ್ಯಾಲಿಯನ್ನು ಸ್ವಂತ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳಲು ವಿಂಡೋಸ್ ಬೇಕು. ಇನ್ನೊಂದು, ನುಡಿ. ಸರ್ಕಾರಿ ಕಚೇರಿಗೆ ಪತ್ರ ಮಾಡಿಕೊಡುವವರಿಗೆ ನುಡಿ ತಂತ್ರಾಂಶದಲ್ಲೇ ಬೇಕು ಎಂಬ ಕೋರಿಕೆ ಇನ್ನೂ ಬರುತ್ತದೆ. ಅದೂ ವಿಂಡೋಸಿನದು. ಯುನಿಕೋಡ್ ಕನ್ನಡ ಬರೆಯುವುದಕ್ಕಾದರೆ ಕ್ರೋಮ್‌ಬುಕ್ಕಿನಲ್ಲೂ ಕೀಬೋರ್ಡ್ ಸಿದ್ಧವಾಗಿಯೇ ಇರುತ್ತದೆ, ತೊಂದರೆ ಇಲ್ಲ.

ಕ್ರೋಮ್‌ಬುಕ್‌ಗೆ 10 ವರ್ಷ ಅಪ್‌ಡೇಟ್ ಎಂದು ಗೂಗಲ್ 2023ರಲ್ಲಿ ಮಾತು ಕೊಟ್ಟಿತು. ಇಲ್ಲಿ ಜನ ಎಡವುತ್ತಾರೆ. ಆ ಹತ್ತು ವರ್ಷ ನೀವು ಬಿಲ್ ಮಾಡಿಸಿದ ದಿನದಿಂದ ಅಲ್ಲ, ಆ ಮಾದರಿಯ ಹಾರ್ಡ್‌ವೇರ್ ಮಾರುಕಟ್ಟೆಗೆ ಬಂದ ದಿನದಿಂದ. 2021ರ ಮಾದರಿಯನ್ನು 2026ರಲ್ಲಿ ಕೊಂಡರೆ ಉಳಿಯುವುದು ಐದೇ ವರ್ಷ. ಕೊನೆಯ ದಿನಾಂಕವನ್ನು ಗೂಗಲ್ ಮಾದರಿವಾರು ಪ್ರಕಟಿಸುತ್ತದೆ, ಕೊಳ್ಳುವ ಮೊದಲೇ ನೋಡಬಹುದು. ಇದರ ಮೇಲೆ, ಕ್ರೋಮ್ಒಎಸ್ ಮತ್ತು ಆಂಡ್ರಾಯ್ಡ್ ಎರಡನ್ನೂ ಒಂದಾಗಿಸುವುದಾಗಿ ಗೂಗಲ್ 2025ರಲ್ಲಿ ಹೇಳಿದೆ. ಆದ್ದರಿಂದ ಆತುರ ಇಲ್ಲದವರು ಕ್ರೋಮ್‌ಬುಕ್ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು.

ಅಗ್ಗದ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಕೆಲವು 'ಎಸ್ ಮೋಡ್' ಜೊತೆ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪ್‌ಗಳನ್ನು ಮಾತ್ರ ಹಾಕಬಹುದು. ಹೊರಗಿನ ತಂತ್ರಾಂಶ ಹತ್ತುತ್ತಿಲ್ಲ, ಲ್ಯಾಪ್‌ಟಾಪೇ ಸರಿಯಿಲ್ಲ ಎಂದು ವಾಪಸ್ ಕೊಡಲು ಹೋಗಬೇಡಿ. ಎಸ್ ಮೋಡ್‌ನಿಂದ ಉಚಿತವಾಗಿ ಹೊರಗೆ ಬರಬಹುದು. ಮತ್ತೆ ಒಳಗೆ ಹೋಗಲು ಮಾತ್ರ ಆಗುವುದಿಲ್ಲ.

ಕಕ್ಕಡ ತಿಂಗಳ ಮಳೆ, ಹೋದ ಕರೆಂಟು

ಬೆಂಗಳೂರಿನಲ್ಲಿ ಕೂತು ಬರೆಯುವ ವಿಮರ್ಶೆಗಳಲ್ಲಿ ಇಲ್ಲದ ಮಾತು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಭಾಗಮಂಡಲ, ನಾಪೋಕ್ಲು ಕಡೆ ಒಮ್ಮೊಮ್ಮೆ ಎರಡು ಮೂರು ದಿನವಾದರೂ ಕರೆಂಟ್ ಬರುವುದಿಲ್ಲ. ಇಂಥ ಕಡೆ ಚಿಕ್ಕ ಲ್ಯಾಪ್‌ಟಾಪ್‌ಗೆ ನಿಜವಾದ ಅನುಕೂಲ ಇದೆ, ಅದು ತೂಕದ್ದಲ್ಲ, ವಿದ್ಯುತ್ತಿನದು.

ಚಿಕ್ಕ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ 38ರಿಂದ 42 ವ್ಯಾಟ್-ಅವರ್. ಎನ್100 ತರಹದ ಪ್ರೊಸೆಸರ್ ಇದ್ದು ಸಾದಾ ಕೆಲಸ ಮಾಡಿದರೆ, ಪರದೆಯೂ ಸೇರಿ ಗಂಟೆಗೆ ಏಳೆಂಟು ವ್ಯಾಟ್-ಅವರ್ ಖರ್ಚಾಗುತ್ತದೆ. ಐದು ಗಂಟೆ ಆರಾಮ. ಇನ್ನು 20,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ ಲೆಕ್ಕಕ್ಕೆ 74 ವ್ಯಾಟ್-ಅವರ್. ಸೋರಿಕೆ ಕಳೆದು 45ರಿಂದ 50 ಲ್ಯಾಪ್‌ಟಾಪಿಗೆ ತಲುಪಿದರೂ ಅದು ಒಂದು ಪೂರ್ತಿ ಚಾರ್ಜ್. ಅಂದರೆ ಕರೆಂಟ್ ಇಲ್ಲದ ದಿನವೂ ಹತ್ತು ಗಂಟೆ ಕೆಲಸ. ದೊಡ್ಡ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಇದು ಕನಸು.

ಇದಕ್ಕೆ ಎರಡು ಷರತ್ತು. ಲ್ಯಾಪ್‌ಟಾಪ್ ಯುಎಸ್‌ಬಿ-ಸಿಯಿಂದ ಚಾರ್ಜ್ ಆಗಬೇಕು. ಅಗ್ಗದ ಮಾದರಿಗಳಲ್ಲಿ ಅನೇಕಕ್ಕೆ ದುಂಡು ಪಿನ್ನಿನ ಚಾರ್ಜರ್ ಇರುತ್ತದೆ. ಪಕ್ಕದಲ್ಲಿ ಯುಎಸ್‌ಬಿ-ಸಿ ತೂತು ಕಂಡರೂ ಅದು ಡೇಟಾಕ್ಕೆ ಮಾತ್ರ ಇರಬಹುದು. ಎರಡನೆಯದು, ಪವರ್‌ಬ್ಯಾಂಕ್ 45 ವ್ಯಾಟ್ ಆದರೂ ಕೊಡುವಂಥದ್ದಾಗಿರಬೇಕು. ಫೋನಿಗೆಂದು ಕೊಂಡ ಮಾಮೂಲಿ ಪವರ್‌ಬ್ಯಾಂಕ್ ಸಾಲುವುದಿಲ್ಲ. ಅಂಗಡಿಯಲ್ಲೇ ಚುಚ್ಚಿ ತೋರಿಸಿ ಎಂದು ಕೇಳಿ, ನಾಚಿಕೆ ಬೇಡ.

ಲ್ಯಾಪ್‌ಟಾಪ್ ಓಡಿದ ಮಾತ್ರಕ್ಕೆ ಇಂಟರ್‌ನೆಟ್ ಓಡುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕರೆಂಟ್ ಹೋದರೆ ಮನೆಯ ಫೈಬರ್ ಮೋಡೆಮ್ ಸಾಯುತ್ತದೆ. ಅದಕ್ಕೊಂದು ಚಿಕ್ಕ 12 ವೋಲ್ಟ್ ಯುಪಿಎಸ್ ಹಾಕಿದರೆ ಕೆಲವು ಗಂಟೆ ಬದುಕುತ್ತದೆ. ಮೊಬೈಲ್ ಟವರಿನ ಬ್ಯಾಟರಿ, ಡೀಸೆಲ್ ಮುಗಿದರೆ ಸಿಗ್ನಲ್ಲೂ ಹೋಗುತ್ತದೆ. ಆಗ ಬ್ರೌಸರನ್ನೇ ನಂಬಿದ ಲ್ಯಾಪ್‌ಟಾಪಿನಲ್ಲಿ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಕ್ರೋಮ್‌ಬುಕ್ ಬಳಸುವವರು ಬೇಕಾದ ಫೈಲುಗಳನ್ನು ಮೊದಲೇ ಆಫ್‌ಲೈನ್‌ಗೆ ಇಳಿಸಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಳ್ಳಬೇಕು.

ಆಮೇಲೆ ಥಂಡಿ. ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ಕೋಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಊರಿನಲ್ಲಿ ಲ್ಯಾಪ್‌ಟಾಪಿಗೂ ಅದು ತಪ್ಪಿದ್ದಲ್ಲ. ಕೀಬೋರ್ಡಿನ ಕೆಳಗಿನ ತೆಳು ಪದರ, ಚಾರ್ಜಿಂಗ್ ಪಿನ್ನು, ಒಳಗಿನ ಕನೆಕ್ಟರ್ ಇವು ಮೊದಲು ಹೋಗುವ ಜಾಗಗಳು. ದಿನಾ ಬಳಸುವ ಲ್ಯಾಪ್‌ಟಾಪ್ ಬಿಸಿಯಾಗಿ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಬ್ಯಾಗಿನಲ್ಲಿ ಮುಚ್ಚಿಟ್ಟು ತಿಂಗಳುಗಟ್ಟಲೆ ಬಿಟ್ಟದ್ದು ಹಾಳಾಗುವುದೇ ಜಾಸ್ತಿ. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಫ್ಯಾನ್ ಇರುವುದಿಲ್ಲ. ಕಣದ ದೂಳು, ಸಣ್ಣ ಹುಳ ಎಳೆದುಕೊಳ್ಳುವ ಬಾಯಿಯೇ ಇಲ್ಲ ಎಂಬುದು ತೋಟದ ಆಫೀಸಿಗೆ ಅನುಕೂಲ. ಫ್ಯಾನ್ ಇಲ್ಲದ್ದು ಬಿಸಿಲೂರಿನಲ್ಲಿ ಕಾದು ನಿಧಾನವಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಆ ಸಮಸ್ಯೆ ಅಷ್ಟಿಲ್ಲ, ಪುಣ್ಯ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಾತ್ರ ಚಾರ್ಜರನ್ನು ಗೋಡೆಯಿಂದ ಕಿತ್ತಿಡಬೇಕು.

ಪರದೆಯ ವಿಷಯ ಒಂದಿದೆ. ತೀರಾ ಅಗ್ಗದ ಲ್ಯಾಪ್‌ಟಾಪುಗಳಲ್ಲಿ 1366×768 ಪಿಕ್ಸೆಲ್‌ಗಳ ಪರದೆ ಇರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಣಿತ ಎರಡೂ ಇರುವುದರಿಂದ ಸಣ್ಣ ಅಳತೆಯಲ್ಲಿ 'ಸ್ತ್ರೀ', 'ಲಕ್ಷ್ಮಿ' ಎಲ್ಲ ಕಲಸಿಹೋಗುತ್ತವೆ. ಕನ್ನಡ ಜಾಸ್ತಿ ಓದುವವರು, ಬರೆಯುವವರು 1920×1080 ಪರದೆಯನ್ನೇ ಕೇಳಬೇಕು.

ಸೆಕೆಂಡ್ ಹ್ಯಾಂಡ್ ವಾದ

'ಹೊಸ ಅಗ್ಗದ್ದು ಬೇಡ, ಹಳೇ ಗಟ್ಟಿಯದು ತನ್ನಿ' ಎನ್ನುವವರ ಗುಂಪು ದೊಡ್ಡದು. ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್‌ಗಳು ರಿಪೇರಿಯಾಗಿ ಮಾರಾಟಕ್ಕೆ ಬರುತ್ತವೆ. ಅಗ್ಗದ ಹೊಸದಕ್ಕಿಂತ ಗಟ್ಟಿ ಕೀಬೋರ್ಡ್, ಗಟ್ಟಿ ಹಿಂಜು. ಹಲವಕ್ಕೆ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಬದಲಿಸಬಹುದು. ಅಂದರೆ ಊರಿನ ಮೆಕ್ಯಾನಿಕ್ಕೇ ಬಿಚ್ಚಿ ಸರಿಮಾಡಬಹುದು.

ಈ ವಾದಕ್ಕೆ ನನ್ನ ಮತ ಇದೆ, ಒಂದು ಎಚ್ಚರಿಕೆಯೊಂದಿಗೆ. ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವುದು ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರುಗಳನ್ನು. ಲ್ಯಾಪ್‌ಟಾಪಿನ ಮಾದರಿ ಹೆಸರು ನೋಡಿದರೆ ಸಾಲದು, ಒಂದೇ ಹೆಸರಿನಲ್ಲಿ ಎರಡು ತಲೆಮಾರಿನವು ಬಂದಿರುತ್ತವೆ. ಪ್ರೊಸೆಸರ್ ನಂಬರ್ ನೋಡಿ. ಐ5-7300ಯು ಎಂದಿದ್ದರೆ 7ನೇ ತಲೆಮಾರು, ಬೇಡ. ಐ5-8350ಯು ಎಂದಿದ್ದರೆ 8ನೇದು, ಆಗಬಹುದು. ಅಡ್ಡಗೆರೆ ಆದ ಮೇಲಿನ, ತಲೆಮಾರು ಹೇಳುವ ಅಂಕಿಯ (10ನೇದರಿಂದ ಈಚೆಗೆ ಮೊದಲ ಎರಡು ಅಂಕಿಯ) ಮೇಲೆ ಮುಂದಿನ ನಾಲ್ಕೈದು ವರ್ಷದ ಭವಿಷ್ಯ ನಿಂತಿದೆ. 7ನೇ ತಲೆಮಾರಿನದಕ್ಕೂ ಮಾರುವವರು ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ತೋರಿಸುತ್ತಾರೆ. ಓಡುತ್ತದೆ ಕೂಡ. ಮುಂದೆ ಅಪ್‌ಡೇಟ್ ಬರುತ್ತದೆ ಎಂಬ ಖಾತರಿ ಮಾತ್ರ ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಮೆಮೊರಿ ಬರ ಇಲ್ಲಿಗೂ ತಟ್ಟುತ್ತದೆ. ಈ ಹಳೇ ಲ್ಯಾಪ್‌ಟಾಪುಗಳಿಗೆ ಬೇಕಾದ ಡಿಡಿಆರ್4 ರ‍್ಯಾಮ್ ತಯಾರಿಕೆಯನ್ನು ದೊಡ್ಡ ಕಂಪನಿಗಳು 2025ರಲ್ಲೇ ಇಳಿಸುತ್ತಾ ಬಂದವು. ಹಾಗಾಗಿ '4 ಜಿಬಿದು ತೊಗೊಂಡು ಆಮೇಲೆ ರ‍್ಯಾಮ್ ಹಾಕಿಸೋಣ' ಎಂಬ ಹಳೇ ಜಾಣತನ ಈಗ ಲಾಭವಲ್ಲ. ಮೊದಲೇ 8 ಅಥವಾ 16 ಜಿಬಿ ಇರುವುದನ್ನೇ ನೋಡಬೇಕು.

ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ

ಬಿಎ, ಬಿಕಾಂ ಓದುವವರಿಗೆ, ಪಾಠ ಮಾಡುವವರಿಗೆ, ಹೋಂಸ್ಟೇ ಬುಕಿಂಗ್ ನೋಡುವವರಿಗೆ 8 ಜಿಬಿಯ ಚಿಕ್ಕ ಲ್ಯಾಪ್‌ಟಾಪ್ ಸಾಕು. ದಿನಾ ಬಸ್ಸಿನಲ್ಲಿ ಕೊಡೆ, ಬುತ್ತಿ, ಪುಸ್ತಕದ ಜೊತೆ ಹೊತ್ತು ತಿರುಗುವವರಿಗೆ 1.7 ಕೆಜಿಗೂ 1.1 ಕೆಜಿಗೂ ಇರುವ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ. ಎಂಜಿನಿಯರಿಂಗ್ ಓದುವವರು ವಿನ್ಯಾಸ ಬಿಡಿಸುವ ಕ್ಯಾಡ್ ತಂತ್ರಾಂಶ ಬಳಸಬೇಕು, ಪೊನ್ನಂಪೇಟೆಯ ಅರಣ್ಯ ಕಾಲೇಜಿನವರು ನಕ್ಷೆಯ ಕೆಲಸ ಮಾಡಬೇಕು. ಅವರಿಗೆ ಇದು ಬೇಡ. ಮನೆಯಿಂದಲೇ ಐಟಿ ಕೆಲಸ ಮಾಡುವವರಿಗೂ ಬೇಡ.

ತೋಟದ ರೈಟರ ವಿಷಯ ಸ್ವಲ್ಪ ಬೇರೆ. ಆಳುಗಳ ಹಾಜರಿ, ಕುಯ್ಲಿನ ತೂಕ, ವಾರದ ಬಟವಾಡೆ ಇವೆಲ್ಲ ಒಂದು ಎಕ್ಸೆಲ್ ಶೀಟಿನಲ್ಲಿ ಮುಗಿಯುತ್ತವೆ, ಪ್ರೊಸೆಸರ್ ಯಾವುದಾದರೂ ಆದೀತು. ಆದರೆ ಮೂವತ್ತೊಂದು ದಿನದ ಕಾಲಂ 11.6 ಇಂಚಿನಲ್ಲಿ ಕಾಣುವುದಿಲ್ಲ. ಎಡಕ್ಕೆ ಬಲಕ್ಕೆ ಎಳೆಯುತ್ತಾ ಕೂತರೆ ಒಬ್ಬರ ಸಂಬಳ ಇನ್ನೊಬ್ಬರ ಸಾಲಿಗೆ ಹೋದೀತು. ಅವರಿಗೆ 14 ಇಂಚು ಬೇಕು, ಇಲ್ಲವೇ ಆಫೀಸಿನಲ್ಲಿ ಒಂದು ಹಳೇ ಮಾನಿಟರ್ ಇಟ್ಟು ಎಚ್‌ಡಿಎಂಐ ಕೇಬಲ್ ಚುಚ್ಚಬೇಕು.

ಫೋನೇ ಸಾಕು ಎನ್ನುವವರೂ ಇದ್ದಾರೆ. ನೋಡುವುದಕ್ಕೆ, ಕೇಳುವುದಕ್ಕೆ, ದುಡ್ಡು ಕಳಿಸುವುದಕ್ಕೆ ಸಾಕು. ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿ ಬರೆಯಬೇಕಾದ ದಿನ ಸಾಲುವುದಿಲ್ಲ.

ಈಗಲೇನಾ, ಆಮೇಲಾ

ಬೆಲೆ ಬೇಗ ಇಳಿಯುತ್ತದೆ ಎಂದು ನಂಬಲು ಕಾರಣ ಕಾಣುತ್ತಿಲ್ಲ. ಹೊಸ ಮೆಮೊರಿ ಕಾರ್ಖಾನೆಗಳು ಪೂರ್ತಿ ಓಡಲು ಕಾಲ ಬೇಕು. ಎಐ ಕಂಪನಿಗಳ ಖರ್ಚು ಒಮ್ಮೆಗೇ ನಿಂತರೆ ಮಾತ್ರ ರೇಟು ಕುಸಿಯಬಹುದು. ಅದನ್ನು ಕಾಯುತ್ತಾ ಜೂನ್‌ನಲ್ಲಿ ಕಾಲೇಜು ಸೇರುವ ಹುಡುಗಿಯನ್ನು ಕೂರಿಸಲು ಆಗುವುದಿಲ್ಲ. ಬೇಕಾದವರು ಈಗಲೇ ಕೊಳ್ಳಲಿ, 8 ಜಿಬಿಗಿಂತ ಕೆಳಗಿಳಿಯದೆ ಕೊಳ್ಳಲಿ. ಬಜೆಟ್ ಅಷ್ಟಕ್ಕೆ ಬರದಿದ್ದರೆ 4 ಜಿಬಿಯ ಹೊಸದಕ್ಕಿಂತ 8ನೇ ತಲೆಮಾರಿನ ಹಳೇದು ಮೇಲು. ಮನೆಯಲ್ಲಿ ಓಡುವ ಲ್ಯಾಪ್‌ಟಾಪ್ ಇದ್ದು, 'ಬೆಲೆ ಏರುತ್ತಂತೆ' ಎಂಬ ಒಂದೇ ಕಾರಣಕ್ಕೆ ಇನ್ನೊಂದು ತರುವುದು ಸುಮ್ನೆ ದಂಡ. ಆ ದುಡ್ಡಿನಲ್ಲಿ ಹಳೇದಕ್ಕೆ ಹೊಸ ಬ್ಯಾಟರಿ, ಎಸ್‌ಎಸ್‌ಡಿ ಹಾಕಿಸಿದರೂ ಮಿಗುತ್ತದೆ.

ಆನ್‌ಲೈನ್‌ನಲ್ಲಿ ₹2,000 ಕಡಿಮೆ ಎಂದು ತರಿಸುವ ಮೊದಲು ವಾರಂಟಿಯ ಬಗೆ ನೋಡಿ. 'ಆನ್‌ಸೈಟ್' ಇದ್ದರೆ ಕಂಪನಿಯವರೇ ಮನೆಗೆ ಬರಬೇಕು. 'ಕ್ಯಾರಿ-ಇನ್' ಇದ್ದರೆ ನೀವೇ ಹೊತ್ತು ಹೋಗಬೇಕು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ರೈಲಿಲ್ಲ. ಕೊಡಲು ಒಮ್ಮೆ, ತರಲು ಒಮ್ಮೆ ಹೋದರೆ ಬಸ್ ಚಾರ್ಜು, ಊಟ, ಎರಡು ದಿನದ ಕೆಲಸ ಸೇರಿ ಉಳಿಸಿದ್ದರಲ್ಲಿ ಏನೂ ಉಳಿಯುವುದಿಲ್ಲ. ಆನ್‌ಸೈಟ್ ಎಂದು ಬರೆದಿದ್ದರೂ ನಿಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದಾ ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಂಡು, ಆಮೇಲೆ ದುಡ್ಡು ಕಟ್ಟಿ.